ಮಾರಿಯ ದಿನಗಳಲ್ಲಿ ಬರೆಯುವ ಹೆಂಗಸು

ದೂಧಗಂಗಾ ಮತ್ತು ವೇದಗಂಗಾ ಕೂಡುವ ಜಾಗದಲ್ಲಿರುವ ಭೋಜಕ್ಕೆ ಹೊರಗಿನ ದಾರಿ ಕಡಿದುಹೋಗುವುದು ಹೊಸ ಸಂಗತಿಯೇನಲ್ಲ. ಮಳೆಗಾಲ ಜೋರಾಯಿತೆಂದರೆ ಕಾರದಗಾ ಕಡೆಯ ಸೇತುವೆ ಮುಳುಗುತ್ತದೆ, ಭೋಜವಾಡಿ-ಕುನ್ನೂರ ನಡುವಿನದೂ ಮುಳುಗುತ್ತದೆ. ಪತ್ರಿಕೆಗಳಲ್ಲಿ ವರ್ಷವೂ ಅದೇ ಸುದ್ದಿ, ಅದೇ ಚಿತ್ರ. ಜನ ಸುತ್ತು ಬಳಸಿ ನಿಪ್ಪಾಣಿಗೆ ಹೋಗುತ್ತಾರೆ, ನೀರು ಇಳಿದ ಮೇಲೆ ಮತ್ತೆ ಹಳೆಯ ದಾರಿ ಹಿಡಿಯುತ್ತಾರೆ. ಆದರೆ 2020ರ ಮಾರ್ಚ್ ಕೊನೆಯ ವಾರದಲ್ಲಿ ಊರು ಬಾಗಿಲು ಹಾಕಿಕೊಂಡಾಗ ಅದು ಬೇಸಿಗೆ. ಸೇತುವೆ ಒಣಗಿ ನಿಂತಿತ್ತು, ದಾಟುವವರೇ ಇರಲಿಲ್ಲ. ಅತ್ತ ಹೆದ್ದಾರಿಯ ಕೊಗನೊಳ್ಳಿಯಲ್ಲಿ ಪೊಲೀಸರ ತಪಾಸಣೆ. ಇಚಲಕರಂಜಿಗೋ ಕೊಲ್ಲಾಪುರಕ್ಕೋ ಕೊಟ್ಟ ಮಗಳು ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿದ್ದೂ ಬೇರೆ ದೇಶದಲ್ಲಿದ್ದಂತಾಯಿತು. ಎರಡು ರಾಜ್ಯಗಳ ನಡುವೆ ಗೆರೆಯೊಂದಿದೆ ಎಂಬುದು ಗಡಿಯ ಜನರಿಗೆ ಆ ವರ್ಷ ಅರ್ಥವಾದಷ್ಟು ಹಿಂದೆಂದೂ ಆಗಿರಲಿಕ್ಕಿಲ್ಲ.

ಆಗ ಸರಕಾರಗಳು ಕೈಗೆತ್ತಿಕೊಂಡ ಕಾಯ್ದೆ 1897ರದು. ಪ್ಲೇಗ್ ಮಾರಿಯನ್ನು ತಡೆಯಲೆಂದು ಬ್ರಿಟಿಷರು ಅವಸರದಲ್ಲಿ ಮಾಡಿದ ನಾಲ್ಕೇ ಸೆಕ್ಷನ್ನುಗಳ ಕಾನೂನು. ನೂರಾ ಇಪ್ಪತ್ತಮೂರು ವರ್ಷಗಳ ನಂತರವೂ ಅದೇ ಕೆಲಸಕ್ಕೆ ಬಂತು! ಕಾಯ್ದೆ ಹಳೆಯದಾದಂತೆ ಅನುಭವವೂ ಹಳೆಯದೇ. ಇಲಿ ಬಿದ್ದಿತೆಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದ ಕತೆಗಳನ್ನು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಹೇಳುತ್ತಿದ್ದರು.

ಇರಲಿ. ಶಾಲೆ ಮುಚ್ಚಿದ ಆ ದಿನಗಳಲ್ಲಿ ಮಕ್ಕಳಿಗೆ ದೊಡ್ಡವರು ಬಹಳ ಸಲ ಹೇಳಿದ ಕತೆ ಇನ್ನೊಂದು: ನ್ಯೂಟನ್ನನದು. 1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗ್ ಬಂದು ಕೇಂಬ್ರಿಜ್ ಮುಚ್ಚಿದಾಗ ಆ ಹುಡುಗ ತನ್ನ ಹಳ್ಳಿಗೆ ಹೋಗಿ, ಸುಮ್ಮನೆ ಕೂಡದೆ, ಗಣಿತವನ್ನೂ ಬೆಳಕನ್ನೂ ಕುರಿತು ಯೋಚಿಸಿ ಜಗತ್ತನ್ನೇ ಬದಲಿಸಿದ. ನೀನೇಕೆ ಮೊಬೈಲ್ ಒತ್ತುತ್ತ ಕೂತೀ? ಕತೆ ಸುಳ್ಳಲ್ಲ. ಆದರೆ ಆ ಎರಡು ವರ್ಷ ಅವನಿಗೆ ಹೊತ್ತು ಹೊತ್ತಿಗೆ ಊಟ ಬಡಿಸಿದವರು ಯಾರು, ನೀರು ತಂದವರು ಯಾರು ಎಂದು ಯಾವ ಮಗುವೂ ಕೇಳಲಿಲ್ಲ, ಯಾವ ತಂದೆಯೂ ಹೇಳಲಿಲ್ಲ. ಮಾರಿ ಬಂದಾಗ ಗಂಡಸಿಗೆ ಬಿಡುವು ಸಿಗಬಹುದು. ಮನೆಯ ಹೆಂಗಸಿಗೆ ಸಿಗುವುದು ದುಪ್ಪಟ್ಟು ಕೆಲಸ. ಹಾಗಾದರೆ ಬರೆಯುವ ಹೆಂಗಸಿನ ಗತಿ ಏನು? ಆಕೆ ಮಾರಿಯ ದಿನಗಳನ್ನು ಹೇಗೆ ಕಳೆದಳು?

ಈ ಪ್ರಶ್ನೆಗೆ ಬಹಳ ಹಳೆಯ ಉತ್ತರವೊಂದು ದೂರದ ಮೆಕ್ಸಿಕೋದಲ್ಲಿದೆ. ಹುವಾನಾ ಇನೆಸ್ ಎಂಬ ಹುಡುಗಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಒಂದು ಹಳ್ಳಿಯಲ್ಲಿ ಹುಟ್ಟಿದಳು. ಮೂರು ವರ್ಷದವಳಿದ್ದಾಗ ಅಕ್ಕನ ಹಿಂದೆ ಶಾಲೆಗೆ ಹೋಗಿ, ತನಗೂ ಕಲಿಸಬೇಕೆಂದು ಅವ್ವ ಹೇಳಿದ್ದಾಳೆ ಎಂದು ಪಂತೋಜಮ್ಮನಿಗೆ ಸುಳ್ಳು ಹೇಳಿ ಓದಲು ಕಲಿತಳಂತೆ. ಗಂಡು ವೇಷ ಹಾಕಿಸಿ ವಿಶ್ವವಿದ್ಯಾಲಯಕ್ಕೆ ಕಳಿಸೆಂದು ತಾಯಿಯನ್ನು ಪೀಡಿಸಿದಳು. ಲ್ಯಾಟಿನ್ ವ್ಯಾಕರಣ ಕಲಿಯುವಾಗ ಕೂದಲನ್ನು ನಾಲ್ಕಾರು ಬೆರಳಷ್ಟು ಕತ್ತರಿಸಿಕೊಂಡು, ಅದು ಬೆಳೆಯುವುದರೊಳಗೆ ಇಂತಿಷ್ಟು ಪಾಠ ಬರದಿದ್ದರೆ ಮತ್ತೆ ಕತ್ತರಿಸಿಕೊಳ್ಳುತ್ತಿದ್ದಳು. ತಿಳಿವಳಿಕೆಯಿಲ್ಲದ ತಲೆಗೆ ಕೂದಲಿನ ಅಲಂಕಾರವೇಕೆ ಎಂಬುದು ಆಕೆಯ ವಾದ. ಇದೆಲ್ಲ ಆಕೆಯೇ 1691ರಲ್ಲಿ ಬರೆದ ದೀರ್ಘ ಪತ್ರದಲ್ಲಿದೆ. ಮದುವೆಗಿಂತ ಮಠವೇ ಓದಿಗೆ ಅನುಕೂಲವೆಂದು ಸನ್ಯಾಸಿನಿಯಾದಳು, ಸೋರ್ ಹುವಾನಾ ಎನಿಸಿಕೊಂಡಳು. ಕವಿತೆ ಬರೆದಳು, ನಾಟಕ ಬರೆದಳು, ಕೋಣೆಯ ತುಂಬ ಪುಸ್ತಕ ಕೂಡಿಸಿದಳು. ಹೆಂಗಸು ಓದುವುದು, ಅದರಲ್ಲೂ ಧರ್ಮದ ವಿಷಯದಲ್ಲಿ ವಾದ ಮಾಡುವುದು ಚರ್ಚಿನ ಹಿರಿಯರಿಗೆ ಸರಿಬರಲಿಲ್ಲ. ಕೊನೆಗೆ ಪುಸ್ತಕಗಳನ್ನು ಬಿಟ್ಟುಕೊಡಬೇಕಾಯಿತು, ಬರವಣಿಗೆ ನಿಂತಿತು. 1695ರಲ್ಲಿ ಮಠದೊಳಗೆ ಸಾಂಕ್ರಾಮಿಕ ಜ್ವರ ಹೊಕ್ಕಾಗ ಹಾಸಿಗೆ ಹಿಡಿದ ಸಹೋದರಿಯರ ಆರೈಕೆಗೆ ನಿಂತಳು. ಅದೇ ಜ್ವರ ಅಂಟಿ ಏಪ್ರಿಲ್ 17ರಂದು ತೀರಿಕೊಂಡಳು.

2020ರ ನವೆಂಬರಿನಲ್ಲಿ, ಜಗತ್ತೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಾಗ, ಮೆಕ್ಸಿಕೋ ದೇಶ ಹೊರಡಿಸಿದ ಹೊಸ ನೂರು ಪೆಸೊ ನೋಟಿನ ಮೇಲೆ ಇದ್ದದ್ದು ಈಕೆಯ ಮುಖ.

ಭೋಜದ ಮಕ್ಕಳಿಗೆ ಮೆಕ್ಸಿಕೋ ದೂರವಾಯಿತೆನ್ನಿ. ಪುಣೆ ದೂರವಲ್ಲ. ಗಡಿಭಾಗದ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಒಲೆಯ ಮುಂದೆ ಕೂತಿರುತ್ತವೆ. ಹಾಗಾಗಿ ಸಾವಿತ್ರಿಬಾಯಿ ಫುಲೆ ಇಲ್ಲಿ ಹೊರಗಿನವರಲ್ಲ. ಜನವರಿ 3 ಬಂತೆಂದರೆ ಅವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿ ಭಾಷಣ ಮಾಡಿಸುವ ಶಾಲೆಗಳು ಗಡಿಯ ಎರಡೂ ಬದಿಗಿವೆ. ಭಾಷಣದಲ್ಲಿ ತಪ್ಪದೆ ಬರುವ ಸಂಗತಿಗಳು ಎಲ್ಲರಿಗೂ ಗೊತ್ತು: 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಎಸೆದ ಸಗಣಿ-ಕಲ್ಲು, ಚೀಲದಲ್ಲಿ ಇನ್ನೊಂದು ಸೀರೆ. ಆದರೆ ಅವರು ಕವಿ ಎಂಬುದನ್ನು ಎಷ್ಟು ಭಾಷಣಗಳು ಹೇಳುತ್ತವೆ? ‘ಕಾವ್ಯಫುಲೆ’ ಎಂಬ ಕವನ ಸಂಗ್ರಹ ಅಚ್ಚಾದದ್ದು 1854ರಲ್ಲಿ, ಆಗ ಅವರಿಗೆ ಇಪ್ಪತ್ತಮೂರು ವರ್ಷ. ಓದಲು ಬರೆಯಲು ಕಲಿತದ್ದೇ ಮದುವೆಯಾದ ಮೇಲೆ ಎಂಬುದನ್ನು ನೆನೆದರೆ ಇದರ ತೂಕ ತಿಳಿದೀತು. ಗಂಡ ಜೋತಿರಾವ್ ಅವರಿಗೆ ಬರೆದ ಪತ್ರಗಳಿವೆ. ಅವುಗಳಲ್ಲಿ 1877ರದು ಜುನ್ನರದ ಕಡೆಯಿಂದ ಬರೆದದ್ದು. ಕರ್ನಾಟಕದವರು ಧಾತು-ಈಶ್ವರದ ಬರವೆಂದು ಕರೆಯುವ ಆ ಭೀಕರ ಬರಗಾಲದಲ್ಲಿ ಊರೂರು ತಿರುಗಿ ಕಂಡದ್ದನ್ನು ಅದರಲ್ಲಿ ತಿಳಿಸಿದ್ದಾರೆ. ಹೆಂಡತಿ ಗಂಡನಿಗೆ ಬರೆದ ಪತ್ರವೆಂದರೆ ಮನೆಯ ಯೋಗಕ್ಷೇಮ ಎಂದುಕೊಂಡವರು ಅದನ್ನು ಒಮ್ಮೆ ಓದಬೇಕು. ಅದು ವರದಿಗಾರ್ತಿಯೊಬ್ಬಳ ಪತ್ರ.

1890ರಲ್ಲಿ ಜೋತಿರಾವ್ ತೀರಿಕೊಂಡರು. ಮಡಕೆ ಹಿಡಿದು ಅಂತಿಮಯಾತ್ರೆಯಲ್ಲಿ ಮುಂದೆ ನಡೆದವರು ಸಾವಿತ್ರಿಬಾಯಿಯೇ. ಎರಡು ವರ್ಷಗಳ ನಂತರ ಇನ್ನೊಂದು ಕಾವ್ಯ ಪ್ರಕಟವಾಯಿತು. ಆಮೇಲೆ ಬಂತು ಪ್ಲೇಗ್. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಕೆಲವೇ ತಿಂಗಳಲ್ಲಿ ಪುಣೆಗೆ ಇಳಿಯಿತು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂಬುದು ಆಗಿನ್ನೂ ಗೊತ್ತಿರಲಿಲ್ಲ. ಪಾಲ್ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಅದನ್ನು ಹೇಳಿದ್ದು 1898ರಲ್ಲಿ. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾನೇ ತಯಾರಿಸಿದ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸುತ್ತಿದ್ದರು. ಜನ ರೋಗಕ್ಕಿಂತ ತಪಾಸಣೆಗೇ ಹೆಚ್ಚು ಹೆದರಿದರು.

ಅರವತ್ತಾರು ವರ್ಷದ ಸಾವಿತ್ರಿಬಾಯಿ ವೈದ್ಯನಾಗಿದ್ದ ದತ್ತುಮಗ ಯಶವಂತನನ್ನು ಕರೆಸಿಕೊಂಡು, ಪುಣೆಯ ಹೊರಗೆ ಹಡಪಸರದ ಕಡೆ ಹೊಲದಲ್ಲಿ ಚಿಕಿತ್ಸಾಲಯ ಶುರುಮಾಡಿಸಿದರು. ರೋಗಿಗಳನ್ನು ತಾವೇ ಹುಡುಕಿ ಕರೆತರುತ್ತಿದ್ದರು. ಮುಂಢವೆಯ ದಲಿತರ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ತಗಲಿದ್ದು ತಿಳಿದು ಅಲ್ಲಿಗೆ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಉಳಿದ. 1897ರ ಮಾರ್ಚ್ 10ರಂದು ಸಾವಿತ್ರಿಬಾಯಿ ಉಳಿಯಲಿಲ್ಲ.

ಬರದ ವರ್ಷದ ಪತ್ರ ಉಳಿದಿದೆ. ಪ್ಲೇಗಿನ ದಿನಗಳನ್ನು ಕುರಿತ ಅಂಥ ಪತ್ರ ಇಲ್ಲ. ಬರೆದು ತಿಳಿಸಲು ಜೋತಿರಾವ್ ಇರಲಿಲ್ಲ, ಬರೆಯಲು ಬಿಡುವಿರಲಿಲ್ಲ. ಕವಿಯ ಜೀವನಚರಿತ್ರೆ ಬರೆಯುವವರಿಗೆ ಇದು ಖಾಲಿ ಪುಟ. ಹುವಾನಾಳ ಕೊನೆಯ ತಿಂಗಳುಗಳೂ ಅಂಥ ಖಾಲಿ ಪುಟವೇ. ಮಾರಿಯ ಕಾಲದಲ್ಲಿ ಶ್ರೇಷ್ಠ ಕೃತಿ ಬರೆದವರ ಪಟ್ಟಿ ಮಾಡುವಾಗ ಇಂಥವರ ಹೆಸರು ಬಾರದಿರುವುದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ, ಆ ಹೊತ್ತಿಗೆ ಅವರ ಕೈಯಲ್ಲಿ ರೋಗಿಯ ತಲೆಯಿತ್ತು ಎಂಬುದನ್ನಾದರೂ ಮಕ್ಕಳಿಗೆ ಹೇಳಬೇಕಲ್ಲವೆ?

ಪ್ಲೇಗ್ ಪುಣೆಯಲ್ಲಿ ನಿಲ್ಲಲಿಲ್ಲ. ರೈಲು ಹಿಡಿದು ಹುಬ್ಬಳ್ಳಿಗೆ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ಬಂದ ರೈಲ್ವೆ ನೌಕರರೊಬ್ಬರ ಮೂಲಕ ಬೆಂಗಳೂರನ್ನೂ ಹೊಕ್ಕು, ಮೈಸೂರು ಸಂಸ್ಥಾನದಲ್ಲಿ ಹಬ್ಬಿತು. ಕನ್ನಡದ ಓದುಗರಿಗೆ ಪ್ಲೇಗ್ ಎಂದರೆ ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರ, ಬೀಳುವ ಇಲಿಗಳು, ಆಕಾಶದಲ್ಲಿ ಹದ್ದುಗಳು ನೆನಪಾಗುತ್ತವೆ. ಅದು 1965ರಲ್ಲಿ ಬಂದ ಕಾದಂಬರಿ. ಪ್ಲೇಗನ್ನು ಕಂಡೇ ಬೆಳೆದ, ಅದನ್ನು ಕತೆಯಾಗಿಸಿ ಪ್ರಸಿದ್ಧಳಾಗದ ಲೇಖಕಿಯೊಬ್ಬರು ನಂಜನಗೂಡಿನಲ್ಲಿದ್ದರು.

ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಹತ್ತನೆಯ ವಯಸ್ಸಿಗೆ ಮದುವೆ. ಪ್ಲೇಗು ಊರೂರು ಅಲೆಯುತ್ತಿದ್ದ ಆ ವರ್ಷಗಳಲ್ಲೇ, ಹದಿನಾಲ್ಕಕ್ಕೆ, ವೈಧವ್ಯ. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ಹದಿನಾಲ್ಕರ ವಿಧವೆಯ ಮುಂದೆ ಏನಿರುತ್ತಿತ್ತು ಎಂಬುದನ್ನು ಇಂದಿನ ಹುಡುಗಿಯರು ಊಹಿಸುವುದೂ ಕಷ್ಟ. ಅಂಥವರ ಪಾಡನ್ನು ಕಂಡೇ ಸಾವಿತ್ರಿಬಾಯಿ ದಂಪತಿ 1863ರಲ್ಲಿ ಪುಣೆಯಲ್ಲಿ ಆಶ್ರಯ ತೆರೆದಿದ್ದು. ದತ್ತುಮಗ ಯಶವಂತ ಕೂಡ ಅಂಥ ಒಬ್ಬ ವಿಧವೆಯ ಮಗನೇ. ಮಂಗಳೂರಿನ ಗುಲ್ವಾಡಿ ವೆಂಕಟರಾಯರು ಬಾಲವಿಧವೆ ಓದಿ ಮುಂದೆ ಬರುವ ಕತೆಯನ್ನು ‘ಇಂದಿರಾಬಾಯಿ’ ಎಂದು ಅಚ್ಚು ಹಾಕಿಸಿದ್ದು 1899ರಲ್ಲಿ. ಕತೆಯಲ್ಲಿ ಆದದ್ದು ನಂಜನಗೂಡಿನ ಮನೆಯೊಂದರಲ್ಲಿ ನಿಜವಾಗಿಯೂ ಆಯಿತು. ಅದಕ್ಕೆ ಮುಖ್ಯ ಕಾರಣ ಒಬ್ಬ ತಂದೆ. ಮಗಳನ್ನು ಅಡಿಗೆಮನೆಯ ಕತ್ತಲೆಗೆ ಒಪ್ಪಿಸದೆ, ಅವರು ಅವಳ ಕೈಗೆ ಪುಸ್ತಕ ಕೊಟ್ಟರು. ಕನ್ನಡ, ತಮಿಳು, ತೆಲುಗು, ಸಂಸ್ಕೃತ ಎಲ್ಲವನ್ನೂ ಆಕೆ ಓದಿದ್ದು ಮನೆಯೊಳಗೇ ಕೂತು. ಮನೆಯೊಳಗೇ ಇರಬೇಕೆಂಬುದು ವಿಧವೆಗೆ ಸಮಾಜ ವಿಧಿಸಿದ ದಿಗ್ಬಂಧನ. ರೋಗದ ದಿಗ್ಬಂಧನಕ್ಕೆ ಮುಗಿಯುವ ದಿನವೊಂದಿರುತ್ತದೆ, ಇದಕ್ಕೆ ಅದೂ ಇರಲಿಲ್ಲ.

1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಅವರೇ ಶುರುಮಾಡಿದರು. ‘ಸುಶೀಲೆ’ ಅದರಲ್ಲಿ ಬಂದ ಮೊದಲ ಕಾದಂಬರಿ. ಬರೆಯುವವರು ಅವರೇ, ಪ್ರಕಟಿಸುವವರೂ ಅವರೇ. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ, ಆಮೇಲೆ ‘ಸನ್ಮಾರ್ಗದರ್ಶಿ’. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಪತ್ರಕರ್ತೆ ಎಂದು ಅವರನ್ನು ಕರೆಯುವುದು ಇದಕ್ಕೇ. ಇದೆಲ್ಲ ಬೆಂಗಳೂರಿನಲ್ಲಿ ಅಲ್ಲ, ನಂಜನಗೂಡಿನಂಥ ಸಣ್ಣ ಊರಿನಲ್ಲಿ. ಹಳ್ಳಿಯಲ್ಲಿ ಕೂತು ಏನು ಮಾಡಲಾದೀತು ಎನ್ನುವವರು ಇದನ್ನು ಗಮನಿಸಬೇಕು. ಪತ್ರಿಕೆ ನಡೆಸುವುದೆಂದರೆ ಏನು? ಲೇಖನ ತರಿಸಬೇಕು, ತಿದ್ದಬೇಕು, ಅಚ್ಚುಕೂಟಕ್ಕೆ ಕಳಿಸಬೇಕು, ಕರಡು ನೋಡಬೇಕು, ಚಂದಾ ಬಾಕಿಗೆ ಕಾಗದ ಬರೆಯಬೇಕು, ಅಂಚೆಗೆ ಹಾಕಬೇಕು. ಓದುವ ಹೆಂಗಸರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹೆಂಗಸರಿಗಾಗಿ ಪತ್ರಿಕೆ!

‘ಕರ್ನಾಟಕ ನಂದಿನಿ’ಯ ಕಾಲಕ್ಕೇ ಇನ್ನೊಂದು ಮಾರಿ ಬಂತು. 1918ರ ಇನ್‌ಫ್ಲುಯೆಂಜಾ. ಮೊದಲ ಮಹಾಯುದ್ಧದಿಂದ ಮರಳಿದ ಹಡಗುಗಳೊಂದಿಗೆ ಮುಂಬಯಿಗೆ ಇಳಿದು, ಆ ವರ್ಷದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೇಶದ ಮೂಲೆಮೂಲೆಗೆ ಹರಡಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಪ್ಲೇಗಿಗಿಂತ ಬೇರೆ ಬಗೆಯ ರೋಗವಿದು. ಮುದುಕರು ಮಕ್ಕಳಿಗಷ್ಟೇ ಅಲ್ಲ, ಇಪ್ಪತ್ತು-ಮೂವತ್ತರ ಗಟ್ಟಿ ದೇಹದವರಿಗೂ ಎರಗಿತು. ಹಿಂದಿಯ ಕವಿ ನಿರಾಲಾ ಹೆಂಡತಿಯನ್ನೂ ಮನೆಯ ಹಲವರನ್ನೂ ಕಳೆದುಕೊಂಡದ್ದು ಇದರಲ್ಲೇ. ವಿಚಿತ್ರವೆಂದರೆ, ಇಷ್ಟು ದೊಡ್ಡ ಸಾವು ಭಾರತದ ಭಾಷೆಗಳ ಸಾಹಿತ್ಯದಲ್ಲಿ ಬಿಟ್ಟ ಗುರುತು ಬಹಳ ಸಣ್ಣದು. ಸತ್ತವರು ಸತ್ತರು, ಬದುಕಿದವರು ಅದರ ಮಾತೆತ್ತಲಿಲ್ಲ.

ತಿರುಮಲಾಂಬಾ ಅವರ ಕಾದಂಬರಿಗಳನ್ನು ಇಂದಿನ ಹುಡುಗಿ ಓದಿದರೆ ಮೂಗು ಮುರಿಯಬಹುದು. ಸಾಧ್ವಿಯರು, ನೀತಿಯ ಮಾತುಗಳು, ಸಂಸ್ಕೃತ ತುಂಬಿದ ವಾಕ್ಯಗಳು. ಅವರ ಕಾಲದಲ್ಲೇ ದೊಡ್ಡ ವಿಮರ್ಶಕರು ಇದನ್ನು ಹೇಳಿದರು, ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಹದಿನಾಲ್ಕರಲ್ಲಿ ಮೂಲೆಗೆ ಸೇರಬೇಕಿದ್ದವಳು ಎದ್ದು ಬಂದು ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದಳು ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದವರು ಆಗ ಯಾರೂ ಇರಲಿಲ್ಲ. ಅವರು ಬರೆಯುವುದನ್ನು ಬಿಟ್ಟರು. ಮದರಾಸಿಗೆ ಹೋಗಿ ನೆಲೆಸಿದರು. ಕನ್ನಡ ಅವರನ್ನು ಮರೆಯಿತು. ದಶಕಗಳ ನಂತರ ಅವರನ್ನು ಹುಡುಕಿ ಹೋಗಿ ಕಂಡು, ಅವರ ಬದುಕನ್ನು ಬರೆದಿಟ್ಟವರು ಬೆಂಗಳೂರಿನ ಸಿ.ಎನ್. ಮಂಗಳಾ. ಅವರು ಕಟ್ಟಿದ ‘ಶಾಶ್ವತಿ’ ಸಂಸ್ಥೆ ಲೇಖಕಿಯರಿಗೆ ನಂಜನಗೂಡು ತಿರುಮಲಾಂಬಾ ಹೆಸರಿನ ಪ್ರಶಸ್ತಿ ಕೊಡುತ್ತ ಬಂದಿದೆ. ತಿರುಮಲಾಂಬಾ ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ.

ಹದಿನಾಲ್ಕು ಎಂಬ ವಯಸ್ಸನ್ನು ಸ್ವಲ್ಪ ನಿಂತು ನೋಡಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗಿಯ ವಯಸ್ಸೂ ಅದೇ. ಪಾಠ ಮೊಬೈಲಿಗೆ ಬಂತು, ಚಂದನ ವಾಹಿನಿಗೂ ಬಂತು. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು. ‘ಅಣ್ಣಗ ಕ್ಲಾಸ್ ಐತಿ, ನೀ ಆಮ್ಯಾಲ ನೋಡಿದ್ರಾತು, ಈಗ ಒಂದಿಷ್ಟ ರೊಟ್ಟಿ ಬಡಿ’ ಎಂದು ಎಷ್ಟು ತಾಯಂದಿರು ಹೇಳಿರಬಹುದು! ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಿಪ್ಪಾಣಿ ಸೀಮೆಯಲ್ಲಿ ಬೀಡಿ ಕೆಲಸ ನಿಂತು ಕೈಗೆ ಬರುವ ನಾಲ್ಕು ಕಾಸೂ ನಿಂತಿದ್ದ ದಿನಗಳವು. ಮದುವೆಗೆ ಐವತ್ತು ಜನರಿಗಷ್ಟೇ ಅನುಮತಿ ಎಂದಾಗ, ಖರ್ಚು ಕಡಿಮೆಯಲ್ಲಿ ಮುಗಿದೀತೆಂದು ಹುಡುಗಿಯರ ಓದನ್ನೇ ಮುಗಿಸಿದ ಮನೆಗಳು ರಾಜ್ಯದ ಎಲ್ಲ ಕಡೆಯೂ ಇದ್ದವು. ಅಂಥ ಹುಡುಗಿಯರಲ್ಲಿ ಒಬ್ಬಳಾದರೂ ಬರೆಯುವವಳಾಗಬಹುದಿತ್ತೋ ಏನೋ, ಈಗ ಹೇಳುವುದು ಹೇಗೆ?

ಆ ವರ್ಷ ನಿಜವಾಗಿಯೂ ಬರೆದ ಹೆಂಗಸರು ಬೇರೆಯವರು. ಕೈಯಲ್ಲಿ ರಿಜಿಸ್ಟರ್ ಹಿಡಿದು ಮನೆ ಮನೆ ತಿರುಗಿದ ಆಶಾ ಕಾರ್ಯಕರ್ತೆಯರು. ಮನೆಯ ಯಜಮಾನನ ಹೆಸರು, ಮುಂಬಯಿ-ಪುಣೆಯಿಂದ ಬಂದವರು ಇದ್ದಾರೆಯೇ, ಬಂದು ಎಷ್ಟು ದಿನವಾಯಿತು, ಜ್ವರ, ಕೆಮ್ಮು, ಬಸುರಿ-ಬಾಣಂತಿ, ಸಕ್ಕರೆ ಕಾಯಿಲೆ. ಸಾಲು ಸಾಲಾಗಿ ಬರೆದರು. ಬಾಗಿಲು ತೆರೆಯದವರಿದ್ದರು, ಬೈದವರಿದ್ದರು. ಮಾರಿಯ ಮನೆಗೆ ಕಾಲಿಟ್ಟವಳೆಂದು ಬಾವಿಕಟ್ಟೆಯಲ್ಲಿ ದೂರ ಸರಿದವರೂ ಇದ್ದರು. ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಎಂದು ಆ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ಸಾವಿತ್ರಿಬಾಯಿ ಬರೆಯದೆ ಹೋದ ಪ್ಲೇಗಿನ ದಿನಚರಿಯನ್ನು ಓದಬಯಸುವವರು ಈ ರಿಜಿಸ್ಟರುಗಳನ್ನು ಓದಬೇಕು. ಅವುಗಳಲ್ಲಿ ಉಪಮೆಯಿಲ್ಲ, ಅಲಂಕಾರವಿಲ್ಲ. ಆದರೆ ಒಂದು ಊರಿನ ಉಸಿರಾಟದ ಲೆಕ್ಕವಿದೆ.

ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಮಾಸ್ತರರು, ಟೀಚರುಗಳು ಗುಡಿಯ ಪೌಳಿಯಲ್ಲೋ ಮರದ ಕೆಳಗೋ ಮಕ್ಕಳನ್ನು ಕೂಡಿಸಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಹತ್ತನೆಯವರಿಗೆ 2021ರ ಜನವರಿ 1ರಂದು ಶಾಲೆ ತೆರೆಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮಾತ್ರ ಕಾದದ್ದು 2021ರ ಅಕ್ಟೋಬರ್ 25ರವರೆಗೆ. ಹತ್ತೊಂಬತ್ತು ತಿಂಗಳು. ಒಂದನೆಯದರಲ್ಲಿ ಅ ಆ ಇ ಈ ತಿದ್ದಿ ಮನೆಗೆ ಹೋದ ಮಗು ಮರಳಿದ್ದು ಮೂರನೆಯ ತರಗತಿಗೆ.

ಗಡಿಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿತ್ತು. ಮಹಾರಾಷ್ಟ್ರದ ಬದಿಯಿಂದ ಸೊಸೆಯಾಗಿ ಬಂದ ತಾಯಿಗೆ ಬರುವುದು ಮರಾಠಿ ಅಕ್ಷರ, ಮಗುವಿನ ಶಾಲೆ ಕನ್ನಡ. ಮಾತು ಬರುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತದೆ. ಆದರೆ ‘ಕ’ದ ತಲೆಕಟ್ಟು ಎಲ್ಲಿ ಹಾಕಬೇಕೆಂದು ತಿಳಿಯದು. ಅಂಥ ತಾಯಂದಿರು ಮಗುವಿನ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು, ಕಡಪದ ಕಲ್ಲಿನ ಮೇಲೋ ಪಾಟಿಯ ಮೇಲೋ ಮಗುವಿನೊಂದಿಗೆ ತಾವೂ ತಿದ್ದಿದರು. ‘ಅವ್ವಾ, ಹಂಗಲ್ಲ, ಹಿಂಗ’ ಎಂದು ಮಗು ಕೈ ಹಿಡಿದು ತೋರಿಸಿತು. ಶಾಲೆ ತೆರೆದ ಮೇಲೆ ಮಗು ಪಾಟಿಚೀಲ ಹೊತ್ತು ಹೊರಟಿತು. ಪಾಲಕರ ಸಭೆಯ ಹಾಜರಿ ಪುಸ್ತಕ ಬಂದಾಗ, ಅದುವರೆಗೆ ಮರಾಠಿಯಲ್ಲಿ ಸಹಿ ಮಾಡುತ್ತಿದ್ದ ತಾಯಿ ಒಂದು ಗಳಿಗೆ ತಡೆದು, ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿಕೊಂಡು, ಕನ್ನಡದಲ್ಲಿ ತನ್ನ ಹೆಸರು ಬರೆದಳು.